ಹಾಡು ಯಾರದು, ಹೆಸರು ಯಾರದು?

ಗ್ರಾಮಾಫೋನು ನಮ್ಮ ದೇಶಕ್ಕೆ ಬಂದ ಹೊಸದರಲ್ಲಿ, ಎಂದರೆ ೧೯೦೨ನೆಯ ಇಸವಿಯಲ್ಲಿ, ಕಲ್ಕತ್ತೆಯಲ್ಲಿ ಹಾಡಿ ತಟ್ಟೆ ಕೊಟ್ಟ ಗೌಹರ್ ಜಾನ್ ಎಂಬ ಗಾಯಕಿಯ ಹೆಸರನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, ೧೯೩೦ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡವರು ಅವರು. ಆಕೆಯ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೂ, ಇದನ್ನು ಹಾಡಿದವಳು ನಾನು ಎಂದು ಇಂಗ್ಲಿಷಿನಲ್ಲಿ ಹೆಸರು ಹೇಳಿಬಿಡುವ ಧ್ವನಿ ಕೇಳಿಸುವುದು. ದಿಟ್ಟ ಹೆಂಗಸು! ಆದರೆ ಜೊತೆಯಲ್ಲಿ ಕುಳಿತು ನುಡಿಸಿದ ಪಕ್ಕವಾದ್ಯದವರ ಹೆಸರನ್ನು ಆಕೆಯೂ ಹೇಳಲಿಲ್ಲ.

ಈ ಸಂಗತಿ ನೆನಪಿಗೆ ಬಂದುದಕ್ಕೆ ಕಾರಣ ನನ್ನ ಅಕ್ಕನ ಮಗ. ಹುಡುಗನು ಪದವಿ ಪರೀಕ್ಷೆಯನ್ನು ಮುಗಿಸಿ, ಎರಡು ವರ್ಷಗಳಿಂದ ಸಿನಿಮಾದವರ ಸ್ಟುಡಿಯೋಗಳಲ್ಲಿ ‘ಟ್ರ್ಯಾಕ್’ ಹಾಡುತ್ತಿದ್ದಾನೆ. ಹೆಸರಾಂತ ಗಾಯಕರಿಗೆ ಬಿಡುವಿಲ್ಲದಿರುವಾಗ, ರಾಗ ತಾಳ ಉಚ್ಚಾರಣೆಗಳು ಹೇಗಿರಬೇಕೆಂದು ತೋರಿಸಲು ಬೇರೊಬ್ಬನಿಂದ ಹಾಡನ್ನು ಪೂರ್ತಿಯಾಗಿ ಹಾಡಿಸಿ ಇಟ್ಟುಕೊಂಡಿರುವರು. ದೊಡ್ಡ ಗಾಯಕರು ಬಂದು ಅದನ್ನು ಕೇಳಿ ಹಾಡಿದ ಮೇಲೆ ಮೊದಲಿನ ಧ್ವನಿಯನ್ನು ಅಳಿಸಿಬಿಡುವರು. ಒಮ್ಮೆ ಚಿತ್ರ ಬಿಡುಗಡೆಯಾದ ದಿನ ಮನೆಮಂದಿಯೆಲ್ಲ ಮಗನ ಹಾಡೆಂದು ಹೋಗಿ ಕುಳಿತರೆ, ತೆರೆಯ ಮೇಲೆ ಕೇಳಿಬಂದುದು ಮತ್ತೊಬ್ಬರ ಕಂಠ. ಅಂದು ರಾತ್ರಿ ಅಕ್ಕ ನನಗೆ ಹೇಳಿಕಳುಹಿಸಿದಳು. “ನೀನಾದರೂ ಇವನಿಗೆ ಬುದ್ಧಿ ಹೇಳಪ್ಪ. ಸೋದರಮಾವನ ಮಾತನ್ನಾದರೂ ಕೇಳಿಯಾನು.”

ಇಪ್ಪತ್ತುಮೂರು ವರ್ಷದ ಹುಡುಗನಿಗೆ ಬುದ್ಧಿ ಹೇಳಿ ಗೆದ್ದ ಮಾವನನ್ನು ನಾನು ಕಂಡಿಲ್ಲ. ಆದುದರಿಂದ ಮೂರು ಭಾನುವಾರ ಮಧ್ಯಾಹ್ನ ಎಲ್ಲರೂ ಜೊತೆಯಲ್ಲಿ ಕುಳಿತು ಮೂರು ಸಾಕ್ಷ್ಯಚಿತ್ರಗಳನ್ನು ನೋಡುವುದೆಂದು ಗೊತ್ತುಮಾಡಿದೆನು. ಮೂರೂ ಅಮೆರಿಕ ದೇಶದ ಗಾಯಕರ ಕಥೆಗಳು, ಭಾಷೆ ಇಂಗ್ಲಿಷು. ಆ ಸಂಗೀತದ ಪರಿಚಯವಿಲ್ಲದವರಿಗೂ ಅವುಗಳ ವಿಷಯ ಅರ್ಥವಾಗದೆ ಹೋಗದು.

ಮೊದಲನೆಯದು ೨೦೧೩ರಲ್ಲಿ ಮಾರ್ಗನ್ ನೆವಿಲ್ ಎಂಬವರು ತೆಗೆದ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’. ಮುಖ್ಯ ಗಾಯಕನಿಗೂ ಅವನ ಹಿಂದೆ ನಿಂತ ಹಿಮ್ಮೇಳದವರಿಗೂ ನಡುವೆ ಇರುವ ಇಪ್ಪತ್ತಡಿ ನೆಲವೇ ಇದರ ವಸ್ತು. ಡಾರ್ಲೀನ್ ಲವ್ ಎಂಬಾಕೆ ೧೯೬೨ರಲ್ಲಿ ಒಂದು ಹಾಡಿನ ಮುಖ್ಯ ಧ್ವನಿಯಾಗಿ ಹಾಡಿದರು. ಆ ತಟ್ಟೆ ಅಮೆರಿಕದಲ್ಲೆಲ್ಲ ಮೊದಲನೆಯ ಸ್ಥಾನಕ್ಕೇರಿತು. ಆದರೆ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅದರ ಮೇಲೆ ಅಚ್ಚು ಹಾಕಿಸಿದುದು ‘ಕ್ರಿಸ್ಟಲ್ಸ್’ ಎಂಬ ಬೇರೊಂದು ಹುಡುಗಿಯರ ತಂಡದ ಹೆಸರನ್ನು! ಮುಂದಿನ ಹಾಡಾದರೂ ತನ್ನ ಹೆಸರಿನಲ್ಲಿ ಬರುವುದೆಂದು ನಂಬಿ ಹಾಡಿದರೆ, ಅದೂ ಆ ತಂಡದ ಪಾಲಾಯಿತು. ಕಾಲಕ್ರಮದಲ್ಲಿ ಈಕೆ ಹೊಟ್ಟೆಪಾಡಿಗೆ ಅನ್ಯರ ಮನೆಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಹೋದರು. ಹಾಗೆ ಒಂದು ಮನೆಯನ್ನು ಶುಚಿಮಾಡುತ್ತಿರುವಾಗ ರೇಡಿಯೋದಲ್ಲಿ ತಾನೇ ಹಾಡಿದ ಕ್ರಿಸ್‌ಮಸ್ ಹಾಡು ಬಂದಿತಂತೆ. ಅದನ್ನು ಆಕೆ ಅಳದೆ, ನಗುತ್ತಲೇ ಹೇಳುವರು. ನಮ್ಮ ಅಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇದೇ ಚಿತ್ರದಲ್ಲಿ ಮೆರಿ ಕ್ಲೇಟನ್ ಎಂಬ ಇನ್ನೊಬ್ಬಾಕೆಯುಂಟು. ೧೯೬೯ರಲ್ಲಿ ಮಲಗುವ ಹೊತ್ತಿನಲ್ಲಿ ಕರೆ ಬಂದು, ತುಂಬು ಬಸುರಿ, ತಲೆಗೆ ಸುತ್ತಿದ್ದ ಸುರುಳಿಗಳನ್ನೂ ಬಿಚ್ಚದೆ ಹೋಗಿ, ರೋಲಿಂಗ್ ಸ್ಟೋನ್ಸ್ ತಂಡಕ್ಕಾಗಿ ಒಂದು ಹಾಡಿನಲ್ಲಿ ಧ್ವನಿಗೂಡಿಸಿದವರು. ವಾದ್ಯಗಳನ್ನೆಲ್ಲ ತೆಗೆದುಹಾಕಿ ಆಕೆಯ ಕಂಠವೊಂದನ್ನೇ ಕೇಳಿಸುವ ಘಟ್ಟವೊಂದು ಬರುವುದು; ಅದೊಂದಕ್ಕಾಗಿಯೇ ಈ ಚಿತ್ರವನ್ನು ನೋಡಬಹುದು. ಎಲ್ಲರೂ ನೊಂದವರೇ ಎಂದಲ್ಲ. ಲಿಸಾ ಫಿಷರ್ ಎಂಬಾಕೆಗೆ ಸ್ವಂತ ಹಾಡಿಗೆ ಗ್ರ್ಯಾಮಿ ಬಹುಮಾನ ಬಂದಿದ್ದರೂ ಹಿಮ್ಮೇಳವೇ ಹಿತವೆಂದು ಅಲ್ಲಿಯೇ ಉಳಿದರು. ಕ್ಲಾಡಿಯಾ ಲೆನಿಯರ್ ಹಾಡುವುದನ್ನು ಬಿಟ್ಟು ಸ್ಪ್ಯಾನಿಷ್ ಕಲಿಸುವ ಉಪಾಧ್ಯಾಯಿನಿಯಾದರು. ೨೦೧೪ರಲ್ಲಿ ಈ ಚಿತ್ರಕ್ಕೆ ಆಸ್ಕರ್ ದೊರೆತಾಗ ಡಾರ್ಲೀನ್ ಲವ್ ವೇದಿಕೆಯ ಮೇಲೆಯೇ ಧ್ವನಿಯೆತ್ತಿ ಹಾಡಿದರು.

ಎರಡನೆಯ ಚಿತ್ರ, ೨೦೦೨ರಲ್ಲಿ ಬಂದ ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್’. ೧೯೫೯ರಲ್ಲಿ ಡೆಟ್ರಾಯಿಟ್ ಪಟ್ಟಣದ ಒಂದು ಸಾಧಾರಣ ಮನೆಯಲ್ಲಿ ಆರಂಭವಾದ ಮೋಟೌನ್ ಸಂಸ್ಥೆಯ ಹಾಡುಗಳನ್ನು ಜಗತ್ತೆಲ್ಲ ಕೇಳಿದೆ. ಗಾಯಕರು ಬದಲಾಗುತ್ತಿದ್ದರು, ಆದರೆ ವಾದ್ಯ ನುಡಿಸುತ್ತಿದ್ದವರು ಬಹುಮಟ್ಟಿಗೆ ಅದೇ ಹತ್ತಾರು ಮಂದಿ. ಫಂಕ್ ಬ್ರದರ್ಸ್ ಎಂದು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಈ ಜನರ ಹೆಸರುಗಳು ಎಷ್ಟೋ ವರ್ಷ ಯಾವ ತಟ್ಟೆಯ ಹೊದಿಕೆಯ ಮೇಲೂ ಬರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಅವರ ಒಂದು ತಟ್ಟೆಯ ಮೇಲೆ ಮೊದಲ ಸಲ ಅಚ್ಚಾದುವು. ಮರುವರ್ಷವೇ ಸಂಸ್ಥೆಯು ಲಾಸ್ ಏಂಜಲೀಸಿಗೆ ಗುಳೆ ಹೋಯಿತು. ನುಡಿಸಲೆಂದು ಬಂದವರಿಗೆ ಕಂಡುದು ಬಾಗಿಲಿಗೆ ಅಂಟಿಸಿದ ಒಂದು ಚೀಟಿ. ಅವರೊಳಗೆ ಜೇಮ್ಸ್ ಜೇಮರ್‌ಸನ್ ಎಂಬ ಬಾಸ್ ಗಿಟಾರಿನ ವಾದಕರು ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಇಂದಿಗೂ ಆ ವಾದ್ಯ ಕಲಿಯುವವರು ಅವರನ್ನು ಗುರುವೆಂದೆಣಿಸುವರು. ೧೯೮೩ರಲ್ಲಿ, ಹೊರಗಿನ ಜನಕ್ಕೆ ಗುರುತೇ ಇಲ್ಲದೆ ತೀರಿಕೊಂಡರು. ಚಿತ್ರದ ಅರ್ಧ ಭಾಗ, ಉಳಿದ ಮುದುಕರು ಹೊಸ ಗಾಯಕರೊಂದಿಗೆ ನಡೆಸಿದ ಕಚೇರಿ. ನನಗೆ ಅದು ಕೊಂಚ ಉದ್ದವೆನಿಸಿತು. ಅಕ್ಕನ ಮಗನಾದರೋ ತೊಡೆಯ ಮೇಲೆ ತಾಳ ಹಾಕುತ್ತಿದ್ದನು.

ಮೂರನೆಯದೂ ಆ ಡೆಟ್ರಾಯಿಟ್ ಪಟ್ಟಣದ್ದೇ: ೨೦೧೨ರ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’. ರೋಡ್ರಿಗೆಸ್ ಎಂಬ ಕವಿಗಾಯಕರು ೧೯೭೦ರಲ್ಲಿ ಒಂದು, ೧೯೭೧ರಲ್ಲಿ ಇನ್ನೊಂದು ತಟ್ಟೆ ಕೊಟ್ಟರು. ಮೊದಲನೆಯದನ್ನು ಸಿದ್ಧಪಡಿಸಿದವರಲ್ಲೊಬ್ಬರು, ಮೇಲೆ ಹೇಳಿದ ಮೋಟೌನ್ ವಾದಕರ ಗುಂಪಿಗೆ ಸೇರಿದ ಡೆನಿಸ್ ಕಾಫಿ. ಎರಡೂ ಅಮೆರಿಕದಲ್ಲಿ ಮಾರಾಟವಾಗಲಿಲ್ಲ. ಆತನು ಹಳೆಯ ಮನೆಗಳನ್ನು ಕೆಡಹುವ ಕೂಲಿ ಕೆಲಸಕ್ಕೆ ನಿಂತರು. ಇತ್ತ ದಕ್ಷಿಣ ಆಫ್ರಿಕದಲ್ಲಿ ಅವರ ಹಾಡುಗಳು ಮನೆಮಾತಾಗಿದ್ದುವು. ಆದರೆ ಹಾಡಿದವರು ಸತ್ತಿರುವರೆಂದೇ ಅಲ್ಲಿನ ಜನ ನಂಬಿದ್ದರು. ಅಭಿಮಾನಿಗಳು ಹುಡುಕಿ ಪತ್ತೆಹಚ್ಚಿ, ೧೯೯೮ರಲ್ಲಿ ಕರೆಯಿಸಿಕೊಂಡರು. ಅಷ್ಟು ವರ್ಷ ಅಲ್ಲಿ ಮಾರಿದ ತಟ್ಟೆಗಳ ಹಣ ಎಲ್ಲಿ ಹೋಯಿತೆಂದು ಚಿತ್ರದಲ್ಲಿ ತಟ್ಟೆಯ ಸಂಸ್ಥೆಯ ಹಳೆಯ ಯಜಮಾನರನ್ನು ಕೇಳುವರು. ಅವರು ಸಿಡುಕುವರೇ ಹೊರತು ಲೆಕ್ಕ ಕೊಡುವುದಿಲ್ಲ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ೧೯೭೯ರಲ್ಲಿಯೂ ೧೯೮೧ರಲ್ಲಿಯೂ ಈತನು ಆಸ್ಟ್ರೇಲಿಯಾಕ್ಕೆ ಹೋಗಿ ಕಚೇರಿಗಳನ್ನು ಮಾಡಿದ್ದುಂಟು. ಕಥೆ ಸೊಗಸಾಗಿರಲೆಂದೋ ಏನೋ, ಚಿತ್ರದಲ್ಲಿ ಆ ಸುದ್ದಿಯೇ ಇಲ್ಲ. ಸಾಕ್ಷ್ಯಚಿತ್ರವೆಂದಮಾತ್ರಕ್ಕೆ ಪೂರ್ತಿ ಸಾಕ್ಷ್ಯವೆಂದು ತಿಳಿಯಬಾರದು. ರೋಡ್ರಿಗೆಸ್ ೨೦೨೩ರಲ್ಲಿ ತೀರಿಕೊಂಡರು.

ಮೂರನೆಯ ಭಾನುವಾರ ಚಿತ್ರ ಮುಗಿದ ಮೇಲೆ ಅಕ್ಕ ಕಾಫಿಯನ್ನು ತಂದಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಹಾಡುವುದನ್ನು ಬಿಡೆಂದು ಹೇಳುವಳೆಂದು ನಾನು ಕಾದಿದ್ದೆನು.

“ಇಷ್ಟು ಹಾಡಿದೆಯಲ್ಲೋ, ಎಲ್ಲಿಯಾದರೂ ಒಂದು ಕಾಗದ ಬರೆಸಿಕೊಂಡೆಯಾ?” ಎಂದಳು.

“ಇಲ್ಲಮ್ಮ. ಕೇಳಿದರೆ ಮತ್ತೆ ಕರೆಯುವುದಿಲ್ಲ.”

ಹಾಡಿದವರಿಗೂ ಆ ಧ್ವನಿಮುದ್ರಣದ ವ್ಯಾಪಾರದ ಆದಾಯದಲ್ಲಿ ರಾಯಲ್ಟಿಯ ಪಾಲುಂಟೆಂದು ನಮ್ಮ ದೇಶದ ಕೃತಿಸ್ವಾಮ್ಯದ ಕಾಯಿದೆಗೆ ೨೦೧೨ರಲ್ಲಿ ತಿದ್ದುಪಡಿಯಾಗಿರುವುದನ್ನು ನಾನು ತಿಳಿಸಿದೆನು. ಆದರೆ ಅಳಿಸಿಹೋದ ಟ್ರ್ಯಾಕಿನ ಧ್ವನಿಗೆ ಪಾಲೆಲ್ಲಿಂದ ಬಂದೀತು? ಅಲ್ಲಿ ಆ ದಿನ ಕೈಗೆ ಬಂದುದೇ ಸಂಬಳ.

ಮರುದಿನ ಅಕ್ಕ ಅಂಗಡಿಯಿಂದ ಗಟ್ಟಿ ರಟ್ಟಿನ ಒಂದು ಲೆಕ್ಕದ ಪುಸ್ತಕವನ್ನು ತರಿಸಿ, ತಾರೀಖು, ಸ್ಟುಡಿಯೋ, ಹಾಡು, ಬಂದ ಹಣ, ಚಿತ್ರದಲ್ಲಿ ಉಳಿದ ಧ್ವನಿ ಯಾರದು ಎಂದು ಐದು ಮನೆಗಳನ್ನು ಗೀಟೆಳೆದು ಮಗನ ಕೈಗೆ ಕೊಟ್ಟಳು. ಹಳೆಯದನ್ನು ನೆನಪಿಸಿಕೊಂಡು ಬರೆಯಲು ಅವನಿಗೆ ಎರಡು ರಾತ್ರಿ ಹಿಡಿಯಿತು. ನಲವತ್ತೊಂದು ಹಾಡುಗಳಾದುವು, ಕೊನೆಯ ಮನೆಯಲ್ಲಿ ಅವನ ಹೆಸರು ಮೂರು ಕಡೆ ಇದೆ.