ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಸಿಯಾಟಲ್ ನಗರದ ದಕ್ಷಿಣಕ್ಕೆ, ಕೆಂಟ್ ಊರಿನ ಹೊರವಲಯದಲ್ಲಿ, ಫರ್ ಮರಗಳ ಕಾಡಿನ ನಡುವೆ ಪೆಸಿಫಿಕ್ ರೇಸ್‌ವೇಸ್ ಇದೆ. 1960ರಲ್ಲಿ ಶುರುವಾದ ಈ ರೇಸ್ ಟ್ರ್ಯಾಕ್ ನಡುವೆ ಹಲವು ವರ್ಷ ‘ಸಿಯಾಟಲ್ ಇಂಟರ್‌ನ್ಯಾಷನಲ್ ರೇಸ್‌ವೇ’ ಎನಿಸಿಕೊಂಡು, ಈಗ ಮತ್ತೆ ಹಳೆಯ ಹೆಸರಿಗೆ ಮರಳಿದೆ. ಒಂದು ಸುತ್ತು 2.25 ಮೈಲಿ, ಅಂದರೆ ಸುಮಾರು 3.6 ಕಿಲೋಮೀಟರ್. ಡ್ರ್ಯಾಗ್ ರೇಸಿನ ನೇರ ಪಟ್ಟಿಯಲ್ಲಿ ವೇಗ ಗಳಿಸಿದ ಕಾರುಗಳು ಕಾಡಿನ ಇಳಿಜಾರಿಗೆ ಧುಮುಕಿ, ತಿರುವುಗಳನ್ನು ಹಾದು, ಏರು ಹತ್ತಿ ಮತ್ತೆ ಅದೇ ಪಟ್ಟಿಗೆ ಬಂದು ಸೇರುತ್ತವೆ.

ಅಮೆರಿಕದ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ಬಲಶಾಲಿ ಕಾರುಗಳ ಚರಿತ್ರೆಯಲ್ಲಿ ಈ ಜಾಗಕ್ಕೆ ದೊಡ್ಡ ಪಾಲಿದೆ. 1967ರ ಅಕ್ಟೋಬರ್‌ನಲ್ಲಿ ಟ್ರಾನ್ಸ್-ಆಮ್ ಕಾರು ರೇಸ್ ಸರಣಿಯ ಆ ವರ್ಷದ ಕೊನೆಯ ಪಂದ್ಯ ನಡೆದದ್ದು ಇಲ್ಲೇ. ಪಂದ್ಯವನ್ನು ಗೆದ್ದವರು ಶೆವ್ರೊಲೆ ಕಮಾರೊ ಓಡಿಸಿದ ಮಾರ್ಕ್ ಡಾನಹ್ಯೂ. ಆದರೆ ವರ್ಷದ ಪ್ರಶಸ್ತಿ ಎರಡೇ ಅಂಕಗಳ ಅಂತರದಲ್ಲಿ ಮರ್ಕ್ಯುರಿ ಕೂಗರ್ ತಂಡದ ಕೈತಪ್ಪಿ ಫೋರ್ಡ್ ಪಾಲಾಯಿತು. 1970ರಲ್ಲಿ ಪಾರ್ನೆಲ್ಲಿ ಜೋನ್ಸ್ ಮಸ್ಟಾಂಗ್ ಬಾಸ್ 302 ಓಡಿಸಿ ಇಲ್ಲೇ ಗೆದ್ದರು. ಎಂಜಿನ್ ಗಾತ್ರ ಐದು ಲೀಟರ್ ಮೀರಬಾರದೆಂಬುದು ಆ ಸರಣಿಯ ಕಟ್ಟಳೆ. ಕಮಾರೊ ಝಡ್-28ಕ್ಕೆ 302 ಘನ ಇಂಚಿನ, ಅಂದರೆ ಐದು ಲೀಟರಿನೊಳಗಿನ ಎಂಜಿನ್ ಬಂದದ್ದು ಅದೇ ಕಾರಣಕ್ಕೆ.

ಇಂದು ಈ ಟ್ರ್ಯಾಕ್‌ನಲ್ಲಿ ವೃತ್ತಿಪರ ಪಂದ್ಯಗಳು ಮಾತ್ರವಲ್ಲ, ‘ಟ್ರ್ಯಾಕ್ ಡೇ’ಗಳೂ ನಡೆಯುತ್ತವೆ. ಕಾರು ಕ್ಲಬ್ಬುಗಳು, ಚಾಲನಾ ಶಾಲೆಗಳು ಇಡೀ ದಿನಕ್ಕೆ ಟ್ರ್ಯಾಕ್ ಬಾಡಿಗೆಗೆ ಹಿಡಿಯುತ್ತವೆ. ಜನ ತಮ್ಮ ಸ್ವಂತ ಕಾರು ತಂದು, ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯುತ್ತಾರೆ. ಬಹುಮಾನವಿಲ್ಲ, ಸೋಲು ಗೆಲುವಿಲ್ಲ. ಮುಂದಿನವರು ಕೈ ತೋರಿಸಿ ದಾರಿ ಕೊಟ್ಟ ಮೇಲಷ್ಟೇ ಹಿಂದಿನವರು ಮುಂದೆ ಹೋಗಬೇಕು. ಟ್ರೇಲರ್ ಮೇಲೆ ಬಂದ ಕಾರುಗಳ ಸಾಲಿನಲ್ಲಿ ರಸ್ತೆಯ ಮೇಲೆಯೇ ಬಂದು, ಸಂಜೆ ಅದೇ ರಸ್ತೆಯಲ್ಲಿ ಮನೆಗೆ ಹೋಗುವ ಹಳೆಯ ಮಸ್ಟಾಂಗ್, ಕಮಾರೊಗಳೂ ಇರುತ್ತವೆ. ಸೋಮವಾರ ಬೆಳಿಗ್ಗೆ ಅವುಗಳಿಗೆ ಆಫೀಸಿನ ಡ್ಯೂಟಿ. ಹೀಗೆ ಎರಡೂ ಕಡೆ ಸಲ್ಲುವ ಕಾರು ಕಟ್ಟುವುದು ಒಂದು ಕಸುಬು. ಅಮೆರಿಕದಲ್ಲಿ ಅದಕ್ಕೆ ‘ಪ್ರೋ-ಟೂರಿಂಗ್’ ಎನ್ನುತ್ತಾರೆ. ಹೊರಮೈ ಅರವತ್ತರ ದಶಕದ್ದು. ಒಳಗಿನ ಅಂಗಾಂಗ ಈ ಕಾಲದ್ದು.

1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ, ಅಂದರೆ 6.4 ಲೀಟರ್‌ನ ಎಂಜಿನ್ ಕೂರಿಸಿ ಜಿಟಿಒ ಹೊರತಂದಿತು. ಮಸಲ್ ಕಾರು ಯುಗ ಶುರುವಾದದ್ದು ಅದರಿಂದ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. 325 ಅಶ್ವಶಕ್ತಿಯ ಕಾರಿಗೆ ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್! ಸಿಗ್ನಲ್‌ನಿಂದ ಸಿಗ್ನಲ್‌ಗೆ ನೇರವಾಗಿ ಹಾರುವುದೇ ಆ ಕಾಲದ ಹೆಗ್ಗಳಿಕೆ. ತಿರುಗುವುದು, ನಿಲ್ಲುವುದು ಹಿಂದಿನ ಸಾಲಿನ ವಿಷಯ. ಹೀಗಾಗಿ ಇಂಥ ಕಾರನ್ನು ಇವತ್ತು ಕಟ್ಟಲು ಹೊರಟವರು ಯೋಜನೆಯನ್ನು ತಲೆಕೆಳಗಾಗಿ ಬರೆಯಬೇಕು: ಬ್ರೇಕ್ ಮೊದಲು, ತಂಪು ಎರಡನೆಯದು, ಸಸ್ಪೆನ್ಷನ್ ಮತ್ತು ಟೈರು ಮೂರನೆಯದು, ಎಂಜಿನ್ ಕಟ್ಟಕಡೆಗೆ. ಹಣವೂ ಇದೇ ಕ್ರಮದಲ್ಲಿ ಹೋಗಬೇಕು.

ಬ್ರೇಕಿಗೆ ಏಕೆ ಅಗ್ರಸ್ಥಾನ? ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಮೈಲಿಯಿಂದ ನಿಲ್ಲುವ ಕಾರು ಹೊರಹಾಕುವ ಶಾಖಕ್ಕಿಂತ 120 ಮೈಲಿಯಿಂದ ನಿಲ್ಲುವ ಕಾರಿನದು ನಾಲ್ಕು ಪಾಲು. ಅದೂ ಪ್ರತಿ ಸುತ್ತಿನಲ್ಲಿ, ತಣಿಯಲು ಬಿಡುವಿಲ್ಲದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಡಾಟ್-3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರು ಸೇರಿದ ಹಳೆಯದಕ್ಕೆ ಆ ಮಿತಿ 140. ಕುದಿದ ಆಯಿಲ್‌ನಲ್ಲಿ ಗುಳ್ಳೆ ಎದ್ದಾಗ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮುಂದಿನ ಚಕ್ರಕ್ಕಾದರೂ ದೊಡ್ಡ ಡಿಸ್ಕ್, ಅವಳಿ ಮಾಸ್ಟರ್ ಸಿಲಿಂಡರ್, ಟ್ರ್ಯಾಕ್‌ಗೆ ಹೋಗುವ ಮುನ್ನ ಹೊಸ ಆಯಿಲ್: ಇವಿಷ್ಟೂ ಯೋಜನೆಯ ಮೊದಲ ಪುಟದಲ್ಲಿರಬೇಕು.

ತಂಪಿನ ಲೆಕ್ಕದಲ್ಲಿ ರಸ್ತೆಯ ಕಷ್ಟ ಬೇರೆ, ಟ್ರ್ಯಾಕ್‌ನ ಕಷ್ಟ ಬೇರೆ. ಬೆಲ್‌ವ್ಯೂ ಬಳಿ 405ನೇ ಹೆದ್ದಾರಿಯ ಸಂಜೆಯ ಟ್ರಾಫಿಕ್ಕಿನಲ್ಲಿ ರೇಡಿಯೇಟರಿಗೆ ಗಾಳಿ ಇರುವುದಿಲ್ಲ. ಕೆಂಟ್‌ನಲ್ಲಿ ಎಂಜಿನ್ನಿಗೆ ಬಿಡುವಿರುವುದಿಲ್ಲ. ಮೊದಲನೆಯದಕ್ಕೆ ಒಳ್ಳೆಯ ಫ್ಯಾನ್, ಅದರ ಸುತ್ತ ಸರಿಯಾದ ಕವಚ ಬೇಕು. ಎರಡನೆಯದಕ್ಕೆ ದಪ್ಪ ರೇಡಿಯೇಟರ್, ಆಯಿಲ್ ಕೂಲರ್ ಬೇಕು. ಉದ್ದನೆಯ ತಿರುವಿನಲ್ಲಿ ಎಂಜಿನ್ ಆಯಿಲ್ ಸಂಪಿನ ಒಂದು ಬದಿಗೆ ಸರಿದು, ಪಂಪು ಗಾಳಿ ಹೀರಿದರೆ ಬೇರಿಂಗ್ ಹೋಗಲು ಕೆಲವೇ ಕ್ಷಣ ಸಾಕು. ಒಳಗೆ ತಡೆಗೋಡೆಗಳಿರುವ ಸಂಪು ಹೊರಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಇಡೀ ಎಂಜಿನ್ನಿನ ಬೆಲೆಯನ್ನು ಉಳಿಸುತ್ತದೆ.

ಸಸ್ಪೆನ್ಷನ್ನಿನಲ್ಲಿ ಹಣಕ್ಕಿಂತ ತಿಳಿವಳಿಕೆ ಹೆಚ್ಚು ಕೆಲಸ ಮಾಡುತ್ತದೆ. 1965-66ರ ಮಸ್ಟಾಂಗ್ ತಿರುವಿನಲ್ಲಿ ವಾಲಿದಾಗ ಅದರ ಮುಂದಿನ ಹೊರಚಕ್ರವೂ ಹೊರಕ್ಕೆ ವಾಲಿ, ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತಿತ್ತು. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದಕ್ಕೊಂದು ಪರಿಹಾರ ಹುಡುಕಿದರು: ಮೇಲಿನ ಕಂಟ್ರೋಲ್ ಆರ್ಮ್ ಕೂರುವ ತೂತುಗಳನ್ನು ಸುಮಾರು ಒಂದು ಇಂಚು ಕೆಳಗೆ ಕೊರೆಯುವುದು. ಮಸ್ಟಾಂಗ್ ಆಧರಿಸಿ ಕಾರು ತಯಾರಕ ಕ್ಯಾರೊಲ್ ಶೆಲ್ಬಿ ರೂಪಿಸಿದ 1965ರ ಜಿಟಿ350 ಕಾರಿನಲ್ಲಿ ಅದೇ ತಂತ್ರವಿತ್ತು. ಅಳತೆಯ ಕಾಗದ, ಡ್ರಿಲ್ ಮೆಷಿನ್, ಒಂದು ರಜೆಯ ದಿನ ಇದ್ದರೆ ಇಂದಿಗೂ ಮನೆಯ ಗ್ಯಾರೇಜಿನಲ್ಲೇ ಇದನ್ನು ಮಾಡಬಹುದು. ದುಬಾರಿ ಭಾಗ ಕೊಳ್ಳುವ ಮುಂಚೆ ಇಂಥದ್ದನ್ನು ಮಾಡಿ ಮುಗಿಸುವುದು ಕಸುಬುಗಾರರ ಲಕ್ಷಣ.

ಟೈರಿನ ವಿಷಯದಲ್ಲಿ ಸಿಯಾಟಲ್‌ನ ಮಳೆ ಮಾತಾಡುತ್ತದೆ. ವರ್ಷವಿಡೀ ಅಲ್ಲಿ ಬೀಳುವ ಮಳೆ ಹೆಚ್ಚು ಕಡಿಮೆ ಬೆಂಗಳೂರಿನಷ್ಟೇ. ಆದರೆ ಬೆಂಗಳೂರಿನ ಮಳೆ ಸುರಿದು ಹೋಗುತ್ತದೆ; ಸಿಯಾಟಲ್‌ನದು ಅಕ್ಟೋಬರ್‌ನಿಂದ ವಸಂತದವರೆಗೆ ಜಿನುಗುತ್ತಲೇ ಇರುತ್ತದೆ. ಟ್ರ್ಯಾಕ್‌ಗೆಂದು ಮಾಡಿದ ಮೆತ್ತನೆಯ ಟೈರು ತಣ್ಣನೆಯ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಎರಡು ಸೆಟ್ ಚಕ್ರ ಇಟ್ಟುಕೊಳ್ಳುವುದು ಶೋಕಿಯಲ್ಲ, ಅಗತ್ಯ. ದಿನವೂ ಓಡಿಸುವ ಕಾರಿಗೆ ಗಟ್ಟಿ ವೈಪರ್ ಮೋಟರು, ಗಾಜಿನ ಮಂಜು ಕಳೆಯುವ ಹೀಟರ್ ಕೂಡ ಎಂಜಿನ್ನಿನಷ್ಟೇ ಮುಖ್ಯ. ಕೊಳ್ಳುವಾಗ ಹಳೆಯ ಮಸ್ಟಾಂಗ್‌ನ ಮುಂಗಾಜಿನ ಬುಡದ ಗಾಳಿಪೆಟ್ಟಿಗೆಯನ್ನು ನೀರು ಸುರಿದು ನೋಡಬೇಕು. ತುಕ್ಕು ಹಿಡಿದಿದ್ದರೆ ನೀರು ನೇರವಾಗಿ ಚಾಲಕರ ಕಾಲಿನ ಮೇಲೆ ಬೀಳುತ್ತದೆ. ಅದರ ರಿಪೇರಿ ಸಣ್ಣದಲ್ಲ.

ಇನ್ನು ಗೇರ್‌ಬಾಕ್ಸ್ ಮತ್ತು ಎಂಜಿನ್. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ, 3.73ರ ಹಿಂದಿನ ಆಕ್ಸಲ್, 26 ಇಂಚಿನ ಟೈರು ಇದ್ದರೆ ಗಂಟೆಗೆ 60 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. 0.68 ಅನುಪಾತದ ಐದನೇ ಗೇರು ಸೇರಿಸಿದರೆ ಅದು 2,000ದ ಒಳಗೆ ಇಳಿಯುತ್ತದೆ. ಗದ್ದಲ ತಗ್ಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ಟ್ರ್ಯಾಕ್‌ಗೆ ಬೇಕಾದ ಚುರುಕೂ ಹಾಗೇ ಇರುತ್ತದೆ. ದಿನನಿತ್ಯಕ್ಕೂ ಟ್ರ್ಯಾಕ್‌ಗೂ ಒಂದೇ ಏಟಿಗೆ ಲಾಭ ಕೊಡುವ ಬದಲಾವಣೆ ಇದು. ಎಂಜಿನ್ ಆರಿಸುವಾಗ ಒಂದು ಎಚ್ಚರ: 1972ಕ್ಕೆ ಮುಂಚಿನ ಅಶ್ವಶಕ್ತಿಯ ಅಂಕಿಗಳು ಸೈಲೆನ್ಸರ್ ಮೊದಲಾದವನ್ನು ಕಳಚಿ ಅಳೆದವು. ಜನರಲ್ ಮೋಟರ್ಸ್‌ನ 6.2 ಲೀಟರ್ ಎಲ್‌ಎಸ್3 ಎಂಜಿನ್ 2008ರ ಕಾರ್ವೆಟ್‌ನಲ್ಲಿ ಕೊಟ್ಟ 430 ಅಶ್ವಶಕ್ತಿ, ಎಲ್ಲವನ್ನೂ ಜೋಡಿಸಿದ ಮೇಲಿನ ಅಳತೆ. ಚಳಿಯ ಮುಂಜಾನೆ ಮೊದಲ ಕೀಲಿಗೇ ಚಾಲೂ ಆಗುವ ಇಂಥ ಎಂಜಿನ್ ಎಷ್ಟೇ ಆಸೆ ಹುಟ್ಟಿಸಿದರೂ, ಬ್ರೇಕ್ ಮತ್ತು ತಂಪಿನ ಕೆಲಸ ಮುಗಿಯುವ ತನಕ ಕಾಯಬೇಕು.

ರಸ್ತೆಯೂ ಟ್ರ್ಯಾಕೂ ನಿಜವಾಗಿ ಜಗಳವಾಡುವುದು ಸುರಕ್ಷತೆಯಲ್ಲಿ. ರೇಸಿನ ಕಾರಿಗೆ ಉಕ್ಕಿನ ಕೊಳವೆಗಳ ಪೂರ್ತಿ ಪಂಜರ ಬೇಕು. ಆದರೆ ಹೆಲ್ಮೆಟ್ ಇಲ್ಲದೆ ಆಫೀಸಿಗೆ ಹೋಗುವಾಗ ಅಪಘಾತವಾದರೆ ಅದೇ ಕೊಳವೆಗೆ ತಲೆ ಬಡಿಯುತ್ತದೆ. ಆದ್ದರಿಂದ ಎರಡಕ್ಕೂ ಬಳಸುವ ಕಾರಿಗೆ ಪೂರ್ತಿ ಪಂಜರ ಬೇಡ. ಹೆಚ್ಚೆಂದರೆ ಸೀಟಿನ ಹಿಂದೆ, ತಲೆಗೆ ದೂರವಾಗಿ, ಒಂದು ಬಾಗಿದ ಕಂಬಿ ಸಾಕು. ಭುಜದ ಸೀಟ್‌ಬೆಲ್ಟ್ ಅಮೆರಿಕದಲ್ಲಿ ಕಡ್ಡಾಯವಾದದ್ದು 1968ರಲ್ಲಿ. ಅದಕ್ಕೂ ಹಳೆಯ ಕಾರಿಗೆ ಮೂರು ಬಿಂದುವಿನ ಬೆಲ್ಟ್ ಮತ್ತು ತಲೆಯಾಸರೆಯಿರುವ ಸೀಟು ಹಾಕಿಸುವುದಕ್ಕೆ ಹಿಂದೆಮುಂದೆ ನೋಡಬೇಕಿಲ್ಲ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಷ್ಟೊಂದು ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಾದರೋ ಖಾಸಗಿ ಕಾರಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯಿಲ್ಲ. ಹೊಗೆ ತಪಾಸಣೆಯೂ 2020ರ ಆರಂಭದೊಂದಿಗೆ ನಿಂತಿತು. ಇದನ್ನು ಕೇವಲ ಸ್ವಾತಂತ್ರ್ಯವೆಂದು ತಿಳಿದರೆ ತಪ್ಪು. ಕೇಳುವವರಿಲ್ಲದ ಕಡೆ ಬೋಲ್ಟ್ ಬಿಗಿಯಾಗಿದೆಯೇ ಎಂದು ಕೇಳಿಕೊಳ್ಳಬೇಕಾದವರು ಕಟ್ಟಿದವರೇ. ಕಾಗದಪತ್ರದಲ್ಲೂ ಜಾಗ್ರತೆ ಬೇಕು. 30 ವರ್ಷ ದಾಟಿದ ಕಾರಿಗೆ ಸಿಗುವ ಸಂಗ್ರಾಹಕರ ನಂಬರ್ ಪ್ಲೇಟು ಪ್ರದರ್ಶನ, ಮೆರವಣಿಗೆ, ಅಪರೂಪದ ವಿಹಾರಕ್ಕೆ ಮಾತ್ರ. ದಿನವೂ ಓಡಿಸುವವರಿಗೆ ಸಾಮಾನ್ಯ ಪ್ಲೇಟೇ ಬೇಕು. ಮಾಮೂಲಿ ವಿಮೆ ಸಾಮಾನ್ಯವಾಗಿ ಟ್ರ್ಯಾಕ್‌ನಲ್ಲಿ ಆದ ನಷ್ಟ ಭರಿಸುವುದಿಲ್ಲ. ಒಂದು ದಿನದ ಮಟ್ಟಿಗೆ ಪ್ರತ್ಯೇಕ ವಿಮೆ ಸಿಗುತ್ತದೆ.

ಈ ಕಸುಬನ್ನು ಹತ್ತಿರದಿಂದ ನೋಡಲು ಇಸಾಕ್ವಾ ಊರಿನ ಟ್ರಿಪಲ್ ಎಕ್ಸ್ ರೂಟ್ ಬಿಯರ್ ಹೋಟೆಲಿನ ಅಂಗಳಕ್ಕೆ ಹೋಗಬಹುದು. ಬೇಸಿಗೆಯ ವಾರಾಂತ್ಯಗಳಲ್ಲಿ ಹಳೆಯ ಕಾರುಗಳ ಜಾತ್ರೆಯೇ ಅಲ್ಲಿ ನೆರೆಯುತ್ತದೆ. ಸಮ್ಮಾಮಿಶ್, ರೆಡ್‌ಮಂಡ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ಮನೆ ಹತ್ತಿರದ ಜಾಗ. 2012ರಲ್ಲಿ ಟಕೋಮಾದಲ್ಲಿ ತೆರೆದ ಲಿಮೇ ಕಾರು ಸಂಗ್ರಹಾಲಯದಲ್ಲಿ ಕಂಪನಿಯಿಂದ ಬಂದಂತೆಯೇ ಉಳಿದ ಮಾದರಿಗಳಿವೆ. ಕೆಂಟ್‌ನಲ್ಲಿ ಕೈ ಪಳಗಿದವರಿಗೆ ಶೆಲ್ಟನ್ ಬಳಿಯ ದಿ ರಿಡ್ಜ್ ಟ್ರ್ಯಾಕ್‌ನ 16 ತಿರುವುಗಳು ಮುಂದಿನ ಪಾಠ.

ಹಳೆಯ ಕಾರನ್ನು ಕತ್ತರಿಸುವುದು ಚರಿತ್ರೆಗೆ ಮಾಡುವ ದ್ರೋಹ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವೂ ಇದೆ. ಮೂಲ ಎಂಜಿನ್ ಉಳಿಸಿಕೊಂಡಿರುವ ಅಪರೂಪದ ಝಡ್-28 ಅಥವಾ ಬಾಸ್ 302 ಸಿಕ್ಕಿದರೆ ಅದನ್ನು ಮುಟ್ಟಬಾರದು. ಆರು ಸಿಲಿಂಡರಿನ ಸಾಮಾನ್ಯ ಮಸ್ಟಾಂಗ್, ಮೂಲ ಎಂಜಿನ್ ಎಂದೋ ಕಳೆದುಕೊಂಡ ಕಮಾರೊ ಈ ಕೆಲಸಕ್ಕೆ ತಕ್ಕವು. ಬಿಚ್ಚಿದ ಭಾಗಗಳನ್ನು ಹೆಸರು ಬರೆದು ಎತ್ತಿಡಬೇಕು; ಆದಷ್ಟೂ ವೆಲ್ಡಿಂಗ್ ಬದಲು ಬೋಲ್ಟ್ ಬಳಸಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ತಿಂಗಳುಗಟ್ಟಲೆ ಆಫೀಸಿಗೆ ಓಡಿಸಿ, ಒಂದು ದಿನ ಟ್ರ್ಯಾಕ್‌ನಲ್ಲಿ ಪರೀಕ್ಷಿಸಿ, ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕಬೇಕು. ಹೀಗೆ ನಿಧಾನವಾಗಿ ಕಟ್ಟಿದವರಿಗೆ ಯಾವ ಭಾಗ ಏನು ಮಾಡುತ್ತದೆಂದು ಗೊತ್ತಿರುತ್ತದೆ. ಕಾರಿನ ಬೆಲೆ ಏನೇ ಇರಲಿ, ಆ ತಿಳಿವಳಿಕೆಯೇ ಈ ಕಸುಬಿನ ನಿಜವಾದ ಗಳಿಕೆ.