ಹಾವಿನ ಪೆಟ್ಟಿಗೆಗೆ ಎಷ್ಟು ಬಿಸಿ ಬೇಕು?

ಏಪ್ರಿಲ್–ಮೇ ಮಧ್ಯಾಹ್ನ ಇಂಡಿ, ಸಿಂದಗಿ ಸೀಮೆಯ ಎರೆಹೊಲಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಳಿಜೋಳ, ಕಡಲೆ ಕಿತ್ತ ನೆಲ ಕೈ ಹೋಗುವಷ್ಟು ಬಿರಿದಿರುತ್ತದೆ. ಮೇಲೆ ಕಾಲಿಡಲಾಗದ ಕಾವು, ಬಿರುಕಿನಲ್ಲಿ ಮೊಳದಷ್ಟು ಇಳಿದರೆ ತಂಪು. ಹಾವುಗಳು ಉರಿಬಿಸಿಲನ್ನು ಅಲ್ಲೇ ಕಳೆದು, ಹೊತ್ತು ಇಳಿದ ಮೇಲೆ ಹೊರಬೀಳುತ್ತವೆ. ಅದೇ ಹೊಲದಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ಬೆಳಗಿನ ಎಳೆಬಿಸಿಲಿಗೆ ಬದುವಿನ ಕಲ್ಲಿನ ಮೇಲೆ ಮೈಚಾಚಿ ಕಾಸಿಕೊಳ್ಳುತ್ತವೆ. ಹಾವಿನ ದೇಹ ನಮ್ಮ ದೇಹದ ಹಾಗೆ ಶಾಖ ಹುಟ್ಟಿಸಿಕೊಳ್ಳಲಾರದು. ಅದು ಜಾಗ ಬದಲಿಸುತ್ತಲೇ ತನಗೆ ಬೇಕಾದ ಶಾಖವನ್ನು ಆರಿಸಿಕೊಳ್ಳುತ್ತದೆ. ತಿಂದದ್ದು ಜೀರ್ಣವಾಗುವುದು, ರೋಗ ತಡೆದುಕೊಳ್ಳುವುದು, ಪೊರೆ ಬಿಡುವುದು ಎಲ್ಲವೂ ಆ ಆಯ್ಕೆಯನ್ನೇ ನೆಚ್ಚಿವೆ.

ಗಾಜಿನ ಪೆಟ್ಟಿಗೆಯಲ್ಲಿ ಹಾವು ಕಳೆದುಕೊಳ್ಳುವುದು ಈ ಆಯ್ಕೆಯನ್ನೇ. ಹಾವು ಸಾಕುವ ಆಸೆ ಈಗ ಬೆಂಗಳೂರಿಗಷ್ಟೇ ಸೀಮಿತವಲ್ಲ. ಮೊಬೈಲಿನಲ್ಲಿ ಬಾಲ್ ಪೈಥಾನ್ ಎಂಬ ಬಣ್ಣಬಣ್ಣದ ವಿದೇಶಿ ಹೆಬ್ಬಾವು ನೋಡಿದ ಹುಡುಗರು ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಇದ್ದಾರು. ಅವರಿಗೆ ಬಿಸಿಯ ಮಾತಿಗಿಂತ ಮೊದಲು ಕಾನೂನಿನ ಮಾತು ಹೇಳಬೇಕು. ಹೊಲದಲ್ಲಿ ಸಿಕ್ಕ ಕೆರೆಹಾವನ್ನಾಗಲಿ, ಹೆಬ್ಬಾವಿನ ಮರಿಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾವಾಡಿಗರ ಬುಟ್ಟಿಗಳು ಊರಿಂದ ಮರೆಯಾದದ್ದೂ ಈ ಕಾಯ್ದೆಯಿಂದಲೇ. ವಿದೇಶಿ ಹಾವುಗಳ ಪೈಕಿ ಬಾಲ್ ಪೈಥಾನ್‌ನಂಥವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಇವನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕಾಗದಪತ್ರ ಇಲ್ಲದ ಅಗ್ಗದ ಹಾವು ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಪ್ರಕರಣಗಳೇ ಸಾಕ್ಷಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು; ಜೊತೆಗಿದ್ದ 6 ಕಪುಚಿನ್ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಗಳಿದ್ದವು. ಆ ದಾರಿಯಲ್ಲಿ ಬಂದ ಹಾವನ್ನು ಕೊಳ್ಳುವುದೆಂದರೆ ಆ ಸಾವುಗಳಿಗೂ ದುಡ್ಡು ಕೊಟ್ಟಂತೆ.

ಕಾನೂನು ಪ್ರಕಾರವೇ ಹಾವು ತಂದವರ ಮನೆಯಲ್ಲೂ ಅದಕ್ಕೆ ದೊಡ್ಡ ಕಂಟಕ ಬಿಸಿಯೇ. ಅಂಗಡಿಯವರು ಪೆಟ್ಟಿಗೆಯ ಜೊತೆ ಹೀಟ್ ಮ್ಯಾಟ್ ಎಂಬ ತೆಳುವಾದ ಹಾಳೆ ಕೊಡುತ್ತಾರೆ. ಪೆಟ್ಟಿಗೆಯ ತಳಕ್ಕೆ ಅಂಟಿಸಿ ಪ್ಲಗ್ ಹಾಕಿದರೆ ಮುಗಿಯಿತು ಎನ್ನುತ್ತಾರೆ. ಮುಗಿಯುವುದಿಲ್ಲ. ನಿಯಂತ್ರಣವಿಲ್ಲದ ಮ್ಯಾಟ್ 45–50 ಡಿಗ್ರಿವರೆಗೂ ಕಾಯಬಲ್ಲದು. ಹೊಲದಲ್ಲಿ ಬಿಸಿ ಬರುವುದು ಮೇಲಿನಿಂದ, ಸೂರ್ಯನಿಂದ. ನೆಲದೊಳಗೆ ಇಳಿದಷ್ಟೂ ತಂಪು. ಮ್ಯಾಟ್ ಹಾಕಿದ ಪೆಟ್ಟಿಗೆಯಲ್ಲಿ ಇದು ತಿರುಗುಮುರುಗು. ಸೆಕೆಯಾದ ಹಾವು ತನ್ನ ಹುಟ್ಟುಗುಣದಂತೆ ತಳಕ್ಕೆ ಹಾಸಿದ ತೆಂಗಿನ ನಾರಿನ ಪುಡಿಯನ್ನು ಸರಿಸಿ ಕೆಳಗೆ ಇಳಿಯುತ್ತದೆ, ಕಾದ ಗಾಜಿಗೇ ಹೊಟ್ಟೆ ಹಚ್ಚಿ ಮಲಗುತ್ತದೆ. ಹೊಟ್ಟೆಯಡಿಯ ಅತಿಬಿಸಿ ಕಂಡು ಥಟ್ಟನೆ ಸರಿದುಕೊಳ್ಳುವ ಚುರುಕು ಹಾವಿಗೆ ಕಡಿಮೆ. ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ ಚರ್ಮ ನಿಧಾನಕ್ಕೆ ಬೇಯುತ್ತದೆ. ಹೊಟ್ಟೆಯ ಹುರುಪೆ ಕೆಂಪಾಗಿ, ಆಮೇಲೆ ಕಂದಾದಾಗಲೇ ಮನೆಯವರಿಗೆ ಗೊತ್ತಾಗುವುದು.

ಆದ್ದರಿಂದ ಹಾವಿಗಿಂತ ಮೊದಲು ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್ ಮನೆಗೆ ಬರಬೇಕು. ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು. ಅದರ ಸೆನ್ಸರ್ ವೈರನ್ನು ಮ್ಯಾಟ್‌ಗೂ ಪೆಟ್ಟಿಗೆಯ ತಳಕ್ಕೂ ನಡುವೆ ಗಟ್ಟಿಯಾಗಿ ಕೂರಿಸಬೇಕು. ಪೆಟ್ಟಿಗೆಯೊಳಗೆ ಸಡಿಲವಾಗಿ ಬಿಟ್ಟರೆ ಹಾವು ಅದನ್ನು ತಳ್ಳಿ ನೀರಿನ ಬಟ್ಟಲಿಗೆ ಹಾಕುತ್ತದೆ. ನೀರಿನ ತಂಪನ್ನೇ ಪೆಟ್ಟಿಗೆಯ ತಂಪೆಂದು ತಿಳಿದ ಥರ್ಮೋಸ್ಟ್ಯಾಟ್ ಮ್ಯಾಟನ್ನು ಕಾಯಿಸುತ್ತಲೇ ಹೋಗುತ್ತದೆ. ಮ್ಯಾಟ್ ಪೆಟ್ಟಿಗೆಯ ಮೂರನೇ ಒಂದು ಭಾಗಕ್ಕಷ್ಟೇ ಇರಲಿ. ಬಾಲ್ ಪೈಥಾನ್‌ಗೆ ಬಿಸಿ ಬದಿಯಲ್ಲಿ 31–32 ಡಿಗ್ರಿ, ತಂಪು ಬದಿಯಲ್ಲಿ 25–27 ಡಿಗ್ರಿ ಹಿತ. ಅಮೆರಿಕದ ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಅಡಗುವ ಗೂಡು ಎರಡೂ ಬದಿಯಲ್ಲಿ ಬೇಕು. ಒಂದೇ ಬದಿಯಲ್ಲಿದ್ದರೆ ಅಂಜುಬುರುಕ ಹಾವು ಬಿಸಿಯಾದರೂ ಗೂಡು ಬಿಟ್ಟು ಹೊರಬರುವುದಿಲ್ಲ. ಪಶ್ಚಿಮ ಆಫ್ರಿಕದ ಬಯಲಿನಲ್ಲಿ ಬಾಲ್ ಪೈಥಾನ್ ಇಲಿಬಿಲ, ಗೆದ್ದಲು ಹುತ್ತಗಳಲ್ಲಿ ವಾಸಿಸುವ ಪ್ರಾಣಿ, ಮರೆಯೇ ಅದಕ್ಕೆ ಧೈರ್ಯ.

ಕೋಳಿಮರಿಗಳಿಗೆ ಬಲ್ಬ್ ಕಟ್ಟಿ ಕಾವು ಕೊಡುವುದು ನಮ್ಮ ಕಡೆ ರೂಢಿ. ಅದೇ ಬಲ್ಬನ್ನು ಹಾವಿನ ಪೆಟ್ಟಿಗೆಯೊಳಗೆ ಇಳಿಬಿಡಬಾರದು. ಸೆಕೆಯಾದರೆ ಮರಿಗಳು ದೂರ ಸರಿಯುತ್ತವೆ, ಹಾವು ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ಬಲ್ಬ್ ಇದ್ದರೆ ಪೆಟ್ಟಿಗೆಯ ಹೊರಗೆ, ಜಾಲರಿಯ ಮೇಲೆ, ಇಲ್ಲವೇ ತಂತಿಯ ಪಂಜರದೊಳಗೆ. ಕರೆಂಟಿನಿಂದ ಕಾಯುವ ‘ಹೀಟ್ ರಾಕ್’ ಎಂಬ ಕಲ್ಲನ್ನಂತೂ ಕೊಳ್ಳಲೇಬೇಡಿ.

ಇನ್ನು ಕರೆಂಟ್. ಹೋಗುವುದಕ್ಕಿಂತ ಅದು ವಾಪಸ್ ಬರುವ ಗಳಿಗೆ ಹೆಚ್ಚು ಅಪಾಯದ್ದು. ವೋಲ್ಟೇಜ್ ಏರಿಳಿತಕ್ಕೆ ಥರ್ಮೋಸ್ಟ್ಯಾಟ್‌ನೊಳಗಿನ ರಿಲೇ ಎಂಬ ಸ್ವಿಚ್ ಅಂಟಿಕೊಂಡರೆ ಮ್ಯಾಟ್ ಆರುವುದೇ ಇಲ್ಲ. ಹಾಗಾಗಿ ಕಡಿಮೆ ವ್ಯಾಟ್‌ನ ಮ್ಯಾಟ್ ಆರಿಸಬೇಕು. ಸಾಧ್ಯವಿದ್ದರೆ ಸ್ವಲ್ಪ ಹೆಚ್ಚಿನ ಡಿಗ್ರಿಗೆ ಕಡಿತವಾಗುವ ಎರಡನೇ ಥರ್ಮೋಸ್ಟ್ಯಾಟ್ ಹಾಕಬೇಕು. ಪೆಟ್ಟಿಗೆಯ ಪಕ್ಕ ನೀರು ಇದ್ದೇ ಇರುತ್ತದೆ: ಅರ್ಥಿಂಗ್, ಇಎಲ್‌ಸಿಬಿ (ಕರೆಂಟ್ ಸೋರಿದರೆ ಕಡಿತ ಮಾಡುವ ಸ್ವಿಚ್) ಇಲ್ಲದ ಮನೆಯಲ್ಲಿ ಮೊದಲು ಅವನ್ನು ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲಿಡಬೇಡಿ. ಚಳಿಗಾಲದ ರಾತ್ರಿ ಕರೆಂಟ್ ಹೋದರೆ ಗಾಬರಿ ಬೇಡ. ಗಾಳಿಕಂಡಿ ಬಿಟ್ಟು ಪೆಟ್ಟಿಗೆಗೆ ಕೌದಿ ಹೊದಿಸಿ, ಹೊರಗೋಡೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒರಗಿಸಿದರೆ ಕೆಲವು ಗಂಟೆ ದೂಡಬಹುದು. ಹೊಟ್ಟೆ ತುಂಬಿರುವ ಹಾವಿಗೆ ಮಾತ್ರ ದೀರ್ಘ ಚಳಿ ಕೆಡುಕು. ತಿಂದ ಇಲಿ ಜೀರ್ಣವಾಗದೆ ವಾಂತಿಯಾಗುತ್ತದೆ.

ಚಳಿಗಿಂತ ನಮ್ಮ ಬೇಸಿಗೆಯೇ ನನಗೆ ಭಯ. ಇಂಗ್ಲಿಷ್ ವಿಡಿಯೊಗಳಲ್ಲಿ ಹಾವು ಸಾಕುವವರು ಚಳಿದೇಶದವರು. ಅವರ ಚಿಂತೆಯೆಲ್ಲ ಬಿಸಿ ಹೇಗೆ ಕೊಡುವುದೆಂದು. ಇಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಹಗಲು ಮ್ಯಾಟ್ ಬೇಕಾಗುವುದೇ ಇಲ್ಲ. 35 ಡಿಗ್ರಿ ದಾಟಿದ ಕೋಣೆಯಲ್ಲಿ ಓಡಿಹೋಗಲು ತಂಪು ಮೂಲೆಯೇ ಇಲ್ಲದಿದ್ದರೆ ಹಾವಿನ ಜೀವಕ್ಕೇ ಕುತ್ತು. ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಅಷ್ಟು ಬಿಸಿಯೇರಲು ಹೆಚ್ಚು ಹೊತ್ತು ಬೇಕಿಲ್ಲ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯ ಒಳಕೋಣೆ ಹಾವಿಗೆ ಹೇಳಿ ಮಾಡಿಸಿದ ಜಾಗ. ಸ್ಲ್ಯಾಬ್ ಮನೆಯಾದರೆ ಕೆಳಗಿನ ಅಂತಸ್ತಿನ ಉತ್ತರದ ಕೋಣೆ, ದೊಡ್ಡ ಮಣ್ಣಿನ ನೀರಿನ ಬಟ್ಟಲು, ಕೂಲರ್.

ಹಾವು ತರುವ ಮುನ್ನ ಖಾಲಿ ಪೆಟ್ಟಿಗೆಯನ್ನು ಒಂದು ವಾರ ನಡೆಸಿ ನೋಡಿ. ಎರಡೂ ಬದಿಗೆ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೆಳಗಿನ 5 ಗಂಟೆಗೂ ಮಧ್ಯಾಹ್ನ 3 ಗಂಟೆಗೂ ಬರೆದಿಡಿ. ಜನವರಿಯಲ್ಲಿ ಸರಿಬಂದ ಲೆಕ್ಕ ಏಪ್ರಿಲ್‌ಗೆ ನಡೆಯದು, ಆಗ ಇನ್ನೊಮ್ಮೆ ಅಳೆಯಬೇಕು. ಪತ್ರಾಸ್ ಶೆಡ್ಡಿನ ಮನೆಯಲ್ಲಿ ಮಧ್ಯಾಹ್ನ ತಂಪು ಬದಿಯೇ 36 ತೋರಿಸುತ್ತಿದ್ದರೆ ಆ ಮನೆಗೆ ಹಾವು ತರಬೇಡಿ.