ಹಳೆಯ ರೇಡಿಯೋ: ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ?

ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡ ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ರೇಡಿಯೋ ಸಿಗುವುದು ಅಪರೂಪವಲ್ಲ. ಮರದ ಪೆಟ್ಟಿಗೆಯ ವಾಲ್ವ್ ಸೆಟ್ಟಿರಬಹುದು, ಚರ್ಮದ ಕವಚ ತೊಡಿಸಿದ ಟ್ರಾನ್ಸಿಸ್ಟರ್ ಇರಬಹುದು. ಮಾಡು ಬಿಚ್ಚುವಾಗಲೋ ಮನೆ ಪಾಲಾಗುವಾಗಲೋ ಅದು ಕೆಳಗಿಳಿಯುತ್ತದೆ. ಗುಜರಿಯವನು ತೂಕಕ್ಕೆ ಕೇಳುತ್ತಾನೆ, ಅಜ್ಜ ಕೊಡಬೇಡಿ ಎನ್ನುತ್ತಾರೆ, ಮೊಮ್ಮಕ್ಕಳು ಮೊಬೈಲಿನಲ್ಲಿ ಎಲ್ಲವೂ ಬರುತ್ತದಲ್ಲ ಎಂದು ವಾದಿಸುತ್ತಾರೆ. ಈ ಜಗಳ ತೀರಬೇಕಾದರೆ ಆ ಪೆಟ್ಟಿಗೆಯಿಂದ ಇಂದು ಏನು ಕೇಳಬಹುದು ಎಂಬುದನ್ನು ಮೊದಲು ತಿಳಿಯಬೇಕು.

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಾಗ ಕನ್ನಡದ ಬಾನುಲಿ ನಮಗೆ ಹತ್ತಿರದಲ್ಲಿರಲಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಮತ್ತು 1955ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರಗಳನ್ನು ದೂರದಿಂದಲೇ ಹಿಡಿಯಬೇಕಿತ್ತು. ಕತ್ತಲಾದ ಮೇಲೆ ಸೂಜಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಅಲೆಯಲೆಯಾಗಿ ಬಂದು ಹೋಗುವ ಸ್ವರಕ್ಕೆ ಕಿವಿಗೊಟ್ಟು ಕುಳಿತವರು ಇನ್ನೂ ನಮ್ಮ ನಡುವೆ ಇದ್ದಾರೆ. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನ, ತುಳು ಕಾರ್ಯಕ್ರಮ, ಅಡಿಕೆ-ತೆಂಗಿನ ಬೇಸಾಯದ ಮಾತು ಎಲ್ಲವೂ ಚಾವಡಿಗೇ ಬಂದವು. ಕನ್ನಡ ಶಾಲೆಗೆ, ಕನ್ನಡದಲ್ಲಿ ಒಂದು ಅರ್ಜಿ ನಮೂನೆಗೆ ಮನವಿ ಹಿಡಿದು ಅಲೆಯಬೇಕಾಗಿದ್ದ ಕಾಲದಲ್ಲಿ, ಯಾರನ್ನೂ ಕೇಳದೆ ಗಡಿ ದಾಟಿ ಬಂದ ಕನ್ನಡ ಅದೊಂದೇ. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸಿನ ಹಣ ಕಟ್ಟಿದರೆ ಸಾಕಿತ್ತು. 1980ರ ದಶಕದಲ್ಲಿ ಅದೂ ರದ್ದಾಯಿತು. (ಆ ಲೈಸೆನ್ಸ್ ಪುಸ್ತಕ ಎಲ್ಲಾದರೂ ಸಿಕ್ಕಿದರೆ ರೇಡಿಯೋ ಹೋದರೂ ಅದನ್ನು ಬಿಸಾಡಬೇಡಿ.)

ಆ ಕಾಲದ ಸೆಟ್ಟುಗಳಲ್ಲಿ ಹೆಚ್ಚಿನವು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ ಹಿಡಿಯುತ್ತವೆ. ನಮ್ಮ ದೇಶದಲ್ಲಿ ಎಫ್‌ಎಂ ಪ್ರಸಾರ ಮದರಾಸಿನಲ್ಲಿ 1977ರಲ್ಲಿ ಮೊದಲಾದರೂ ಊರೂರಿಗೆ ಹಬ್ಬಿದ್ದು ಬಹಳ ತಡವಾಗಿ. ಹೀಗಾಗಿ ಮಂಗಳೂರಿನ 100.3 ಎಫ್‌ಎಂ ಹಳೆಯ ಪೆಟ್ಟಿಗೆಯಲ್ಲಿ ಎಷ್ಟು ತಿರುಗಿಸಿದರೂ ಬಾರದು. ಅದು ಸೆಟ್ಟಿನ ದೋಷವಲ್ಲ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಕರಾವಳಿಯ ಬಯಲಿನಲ್ಲಿ ಸ್ಪಷ್ಟವಾಗಿ ಕೇಳುವುದು ಪೆರ್ಲ, ಮುಳ್ಳೇರಿಯದ ಕಡೆಯ ತಗ್ಗುಗಳಲ್ಲಿ ಕರಕರ ಎನ್ನುವುದು ಇದಕ್ಕೇ. ಮೀಡಿಯಂ ವೇವ್ ನೆಲವನ್ನು ಹಿಡಿದುಕೊಂಡೇ ಹೋಗುತ್ತದೆ, ಸಮುದ್ರದ ಮೇಲಂತೂ ಇನ್ನೂ ದೂರ. ಹಗಲಿನಲ್ಲಿ ಆಕಾಶದತ್ತ ಹೋದ ಅಲೆಯನ್ನು ವಾತಾವರಣದ ಒಂದು ವಿದ್ಯುತ್ ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅದಕ್ಕಿಂತ ಮೇಲಿನ ಪದರ ಅಲೆಯನ್ನು ಕೆಳಕ್ಕೆ ಹಿಂತಿರುಗಿಸುತ್ತದೆ. ಧಾರವಾಡ ರಾತ್ರಿಯೇ ಸಿಗುತ್ತಿದ್ದ ಗುಟ್ಟು ಇದು.

ಆದರೆ ಹಿಡಿಯುವ ಸೆಟ್ಟು ಗಟ್ಟಿಯಿದ್ದರೂ ಕಳಿಸುವವರು ಬೇಕಲ್ಲ! ಪ್ರಸಾರ ಭಾರತಿ ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವು ಹಳೆಯ ಮೀಡಿಯಂ ವೇವ್ ಪ್ರೇಷಕಗಳನ್ನು ನಿಲ್ಲಿಸಿ ಎಫ್‌ಎಂಗೆ ಒತ್ತು ಕೊಟ್ಟಿದೆ. ಕೆಲವು ದೊಡ್ಡ ಪ್ರೇಷಕಗಳು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಸಜ್ಜಾದವು. ಅದಕ್ಕೆ ಬೇರೆಯೇ ರೇಡಿಯೋ ಬೇಕು, ಹಳೆಯದರಲ್ಲಿ ಬರಿಯ ಭೋರೆಂಬ ಸದ್ದು. ಶಾರ್ಟ್ ವೇವಿನ ಕಥೆ ಇನ್ನೂ ಬೇಸರದ್ದು. ಬಿಬಿಸಿಯ ಹಿಂದಿ ಪ್ರಸಾರ 2020ರ ಜನವರಿ 31ಕ್ಕೆ ಶಾರ್ಟ್ ವೇವಿನಿಂದ ಇಳಿಯಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಬಾನುಲಿಯಂತೂ 2024ರ ಕೊನೆಗೆ ಎಫ್‌ಎಂ ಅನ್ನೇ ಬಿಟ್ಟಿತು.

ಆದ್ದರಿಂದ ಯಾರ ಮಾತನ್ನೂ ನಂಬದೆ ಮನೆಯಲ್ಲೇ ಪರೀಕ್ಷೆ ಮಾಡುವುದು ಉತ್ತಮ. ಹೊಸ ಸೆಲ್ಲು ಹಾಕಿ, ಸಂಜೆ ಏಳರ ಮೇಲೆ, ಮನೆಯ ಎಲ್‌ಇಡಿ ದೀಪಗಳನ್ನೂ ಮೊಬೈಲ್ ಚಾರ್ಜರುಗಳನ್ನೂ ಆರಿಸಿ ಅಂಗಳಕ್ಕೆ ಬನ್ನಿ. ಇಂದಿನ ಮನೆಗಳಲ್ಲಿ ಮೀಡಿಯಂ ವೇವಿಗೆ ಅವುಗಳಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಸೆಟ್ಟು ಕೆಟ್ಟಿದೆಯೆಂದು ಎಷ್ಟೋ ಮಂದಿ ತಿಳಿದದ್ದು ಈ ದೀಪಗಳ ಗಲಾಟೆಯನ್ನೇ. ಒಳಗಿನ ಆಂಟೆನಾ ಅಡ್ಡಲಾಗಿ ಮಲಗಿರುವ ಫೆರೈಟ್ ಕಡ್ಡಿಯಾದ್ದರಿಂದ ಸೆಟ್ಟನ್ನೇ ನಿಧಾನವಾಗಿ ಸುತ್ತು ತಿರುಗಿಸಬೇಕು. ಮಂಗಳೂರು ಕೇಂದ್ರ ಮೀಡಿಯಂ ವೇವಿನಲ್ಲಿ ಹೇಳಿಕೊಳ್ಳುತ್ತಿದ್ದ ಜಾಗ 1089 ಕಿಲೋಹರ್ಟ್ಸ್. ಹಳೆಯ ಡಯಲಿನಲ್ಲಿ ಮೀಟರ್ ಲೆಕ್ಕವಿದ್ದರೆ ಸುಮಾರು 275. ಧಾರವಾಡದ್ದು 765, ಬೆಂಗಳೂರಿನದ್ದು 612. ಮೂರು ನಾಲ್ಕು ರಾತ್ರಿ ಪ್ರಯತ್ನಿಸಿ ಕನ್ನಡದ ಒಂದು ಕೇಂದ್ರವಾದರೂ ಸಿಕ್ಕಿದರೆ ಆ ರೇಡಿಯೋವನ್ನು ಗುಜರಿಗೆ ಹಾಕುವುದು ದಡ್ಡತನ.

ಮರದ ಪೆಟ್ಟಿಗೆಯವರಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ವಾಲ್ವ್ ಸೆಟ್ಟನ್ನು ಕುತೂಹಲಕ್ಕೆಂದು ಪ್ಲಗ್ಗಿಗೆ ಸಿಕ್ಕಿಸಬಾರದು. ಒಳಗಿನ ಕಂಡೆನ್ಸರುಗಳು ಒಣಗಿ ಸಿಡಿಯುವುದುಂಟು. ಎಸಿ-ಡಿಸಿ ಎಂದು ಮಾರಾಟವಾದ ಟ್ರಾನ್ಸ್‌ಫಾರ್ಮರ್ ಇಲ್ಲದ ಮಾದರಿಗಳಲ್ಲಿ ಒಳಗಿನ ಕಬ್ಬಿಣದ ತಟ್ಟೆಗೇ ಕರೆಂಟು ಬಂದಿರುತ್ತದೆ. ತಿರುಗುಗುಬ್ಬಿ ಕಳಚಿಹೋದ ಜಾಗದಲ್ಲಿ ಮಕ್ಕಳು ಬೆರಳಿಟ್ಟರೆ ಪ್ರಾಣಕ್ಕೇ ಅಪಾಯ. ಬಲ್ಲ ಮೆಕ್ಯಾನಿಕ್ ನೋಡುವವರೆಗೆ ಅದು ಚಾವಡಿಯ ಅಲಂಕಾರವಾಗಿಯೇ ಇರಲಿ. ಟ್ರಾನ್ಸಿಸ್ಟರಿನ ರೋಗಗಳು ಸಣ್ಣವು: ಸೆಲ್ಲು ಸೋರಿ ಸ್ಪ್ರಿಂಗ್ ತಿಂದಿರುತ್ತದೆ, ಡಯಲಿನ ನೂಲು ತುಂಡಾಗಿರುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಸ್ಪೀಕರಿನ ಕಾಗದ ಬೂಸಲು ಹಿಡಿದಿರುತ್ತದೆ. ಇವನ್ನು ಸರಿಮಾಡಬಲ್ಲ ಕೈಗಳು ಪೇಟೆಯಲ್ಲಿ ಒಂದೊಂದಾಗಿ ಕಡಿಮೆಯಾಗುತ್ತಿವೆ, ಮಾಡಿಸುವವರು ಈಗಲೇ ಮಾಡಿಸಬೇಕು.

ಮೊಮ್ಮಕ್ಕಳ ಮಾತೂ ಸುಳ್ಳಲ್ಲ. ಆಕಾಶವಾಣಿಯ ಆ್ಯಪ್ ಹಾಕಿಕೊಂಡರೆ ಕರ್ನಾಟಕದ ಕೇಂದ್ರಗಳು ಕಾಸರಗೋಡಿನಲ್ಲೇನು, ದುಬಾಯಿಯಲ್ಲೂ ಕರಕರವಿಲ್ಲದೆ ಕೇಳುತ್ತವೆ. ದಿನನಿತ್ಯಕ್ಕೆ ಅದೇ ಅನುಕೂಲ. ಆದರೆ 2018ರ ಮಹಾಪ್ರವಾಹದಲ್ಲಿ ಕೇರಳದ ಹಲವೆಡೆ ಕರೆಂಟು ಹೋಯಿತು, ಹಿಂದೆಯೇ ಮೊಬೈಲ್ ಟವರುಗಳೂ ಸುಮ್ಮನಾದವು. ಸೆಲ್ಲಿನ ರೇಡಿಯೋಗೆ ಎರಡೂ ಬೇಡ. ಎಂಬತ್ತು ದಾಟಿದ ಅಜ್ಜಿಗೆ ಪರದೆಯ ಮೇಲೆ ಬೆರಳಾಡಿಸುವುದಕ್ಕಿಂತ ಗುಬ್ಬಿ ತಿರುಗಿಸುವುದು ಸುಲಭವೆಂಬುದೂ ಸಣ್ಣ ಮಾತಲ್ಲ.

ಸೆಟ್ಟು ಮೂರಿದ್ದ ಮನೆಯವರು ಮೂರನ್ನೂ ಉಳಿಸಬೇಕಾಗಿಲ್ಲ. ಮೀಡಿಯಂ ವೇವ್ ಚೆನ್ನಾಗಿ ಹಿಡಿಯುವ ಒಂದು ಟ್ರಾನ್ಸಿಸ್ಟರ್ ಸಾಕು. ಜತೆಗೆ ಎಫ್‌ಎಂ ಇರುವ ಸಣ್ಣದೊಂದನ್ನು ಕೊಂಡರೆ ಮಂಗಳೂರು ಕೈತಪ್ಪದು. ಉಳಿದವುಗಳಿಂದ ಬಿಡಿಭಾಗ ತೆಗೆದಿಟ್ಟುಕೊಳ್ಳಬಹುದು. ಬಳಸದಿರುವಾಗ ಸೆಲ್ಲು ತೆಗೆದಿಡಿ, ಆಷಾಢ ಕಳೆದ ಮೇಲೆ ಒಂದು ದಿನ ಎಳೆಬಿಸಿಲಿಗೆ ಇಡಿ.